ಗೌರವ ಆಮೇಲೆ, ಮೊದ್ಲು ಅಜೆಂಡಾದಲ್ಲಿ ಜಾಗ ಹಿಡೀರಿ

19 ವರ್ಷ, ಪುಣೆ, ಹೌಸಿಂಗ್ ಸೊಸೈಟಿ ಮೀಟಿಂಗಲ್ಲಿ ಬಾಯಿ ತೆಗೆದ್ರೆ "ನೀನಿನ್ನೂ ಚಿಕ್ಕವ" ಅಂತ ಕೂರಿಸ್ತಾರೆ, ಇನ್ಸ್ಟಾಗ್ರಾಂ ಪೇಜ್ ಮಾಡಿ ಇವ್ರ ಮಾನ ಹರಾಜು ಹಾಕ್ಲಾ ಇಲ್ಲ ಸುಮ್ನಿರ್ಲಾ ಅಂತ ಕೇಳಿದೀರಿ. ನಂದೂ ಇದೇ ಕಥೆ ಮಾರಾಯ್ರೆ, ಊರು ಮಾತ್ರ ಮುಂಬೈ, ಭಾಂಡುಪ್.

2022ರಲ್ಲಿ ನಮ್ಮ ಬಿಲ್ಡಿಂಗ್ ಕಾಂಪೌಂಡಲ್ಲಿ ಒಂದಿನ ಬೆಳಗಾಗೋದ್ರೊಳಗೆ "ಖೇಳಣ್ಯಾಸ ಸಕ್ತ ಮನಾಯಿ" ಅಂತ ಮರಾಠಿ ಬೋರ್ಡ್ ಎದ್ದಿತ್ತು, ಅಂದ್ರೆ ಆಟ ಆಡೋದು ಕಟ್ಟುನಿಟ್ಟಾಗಿ ನಿಷೇಧ. ಯಾರದ್ದೋ ಕಾರಿನ ಗಾಜು ಒಡೆದಿತ್ತಂತೆ. ಮಕ್ಕಳನ್ನ ಒಬ್ರೂ ಕೇಳಿಲ್ಲ. ನನಗಾಗ ನಿಮ್ಮದೇ ವಯಸ್ಸು, ರಕ್ತ ಬಿಸಿ, ಮನೆ ಮನೆ ಸುತ್ತಿ 43 ಮಕ್ಕಳ ಸಹಿ ಹಾಕಿಸ್ದೆ. ರೂಲ್ಡ್ ಹಾಳೆ, ಸ್ಕೆಚ್ ಪೆನ್ನು, ಒಬ್ಬ ಹೆಸರಿನ ಪಕ್ಕ ಬ್ಯಾಟ್ ಬೇರೆ ಬರೆದಿದ್ದ. ಹನ್ನೊಂದು ವರ್ಷದ ಒಬ್ಬ ಪೋರ ಕಾರ್ ನಿಲ್ಲಿಸಿದ ಮೇಲೆ ಉಳಿಯೋ ಜಾಗಾನ ನಡೆದು ಅಳೆದು "ಅಣ್ಣ, 38 ಹೆಜ್ಜೆ ಇದೆ, ಬರ್ಕೋ" ಅಂದ. ನಾನು ಬರ್ಕೊಳ್ಲಿಲ್ಲ, ಹುಡುಗರ ಲೆಕ್ಕ ಅಂತ. ನೋಡಿ, ನಾನೂ ಆ ದೊಡ್ಡವ್ರ ಥರಾನೇ.

ಎಜಿಎಂ, ಅಂದ್ರೆ ಸೊಸೈಟಿಯ ವಾರ್ಷಿಕ ಸಭೆ ದಿನ, ಕೋರಂಗೆ ಬೇಕಾದಷ್ಟು ಮೆಂಬರ್ ಬರದೆ ಅರ್ಧ ಗಂಟೆ ಮುಂದೂಡಿದ್ರು, ಎಲ್ರೂ ಸಮೋಸಾ ತಿಂದ್ರು, ಕೊನೆಗೆ "ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯ" ಬಂದಾಗ ನಾನೆದ್ದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ, 12ನೇ ವಿಧಿ, ಮಕ್ಕಳಿಗೆ ಸಂಬಂಧಪಟ್ಟ ವಿಷಯದಲ್ಲಿ ಮಕ್ಕಳ ಅಭಿಪ್ರಾಯಕ್ಕೆ ವಯಸ್ಸು, ತಿಳುವಳಿಕೆ ನೋಡಿ ಬೆಲೆ ಕೊಡ್ಬೇಕು, ಭಾರತ ಇದನ್ನ 1992ರಲ್ಲೇ ಒಪ್ಪಿದೆ ಅಂತ ಪ್ರಿಂಟೌಟ್ ಹಿಡ್ಕೊಂಡು ಓದ್ದೆ. ಸೆಕ್ರೆಟರಿ ನಮ್ಮ ಕಡೆಯವ್ರೇ, ಉಡುಪಿ. ಕನ್ನಡಕ ಇರ್ಲಿಲ್ಲ, ಸಹಿ ಹಾಳೆನ ಕೈ ಉದ್ದ ಚಾಚಿ ನೋಡಿದ್ರು. "ಇದ್ರಲ್ಲಿ ಮೆಂಬರ್ ಯಾರು ಮಗಾ?" ಒಬ್ರೂ ಇಲ್ಲ. "ವಿಶ್ವಸಂಸ್ಥೆ ಮೇಂಟೆನೆನ್ಸ್ ಕಟ್ಟುತ್ತಾ?" ಎಲ್ಲ ನಕ್ರು. ಅಪ್ಪನ ಸ್ನೇಹಿತರೂ ನಕ್ರು. ಆಮೇಲೆ ಕುರ್ಚಿ ಮಡಚೋಕೆ ನನ್ನನ್ನೇ ಕರೆದ್ರು.

ಈಗ ನನ್ನ ತಪ್ಪು ಏನು ಅಂತ ಸರಿಯಾಗಿ ಕೇಳಿಸ್ಕೊಳ್ಳಿ, ಎಲ್ರೂ ಇದನ್ನೇ ಮಾಡ್ತಾರೆ. ನನ್ನ ಮಾತಲ್ಲಿ ನ್ಯಾಯ ಇದ್ರೆ ಸಾಕು ಅಂದ್ಕೊಂಡಿದ್ದೆ. ಲೋಕಸಭೆಗೆ 18ಕ್ಕೆ ವೋಟು, ಅದೂ 1989ರಿಂದ, ಅದಕ್ಕೂ ಮುಂಚೆ 21 ಆಗ್ಬೇಕಿತ್ತು. ಆದ್ರೆ ಸೊಸೈಟಿಲಿ ವಯಸ್ಸಲ್ಲ, ಶೇರ್ ಸರ್ಟಿಫಿಕೇಟಲ್ಲಿ (ಮೆಂಬರ್ ಯಾರು ಅಂತ ತೋರಿಸೋ ಸೊಸೈಟಿ ಕಾಗದ) ಯಾರ ಹೆಸರು ಅನ್ನೋದು ಲೆಕ್ಕ, ನಮ್ಮನೇಲಿ ಅದು ಅಪ್ಪಂದು. ಅಂದ್ರೆ ನಾನು ಆ ರೂಮಲ್ಲಿ ಸಮೋಸಾ ತಿನ್ನೋಕೆ ಬಂದ ಗೆಸ್ಟು ಅಷ್ಟೇ. 43 ಸಹಿ ಬದ್ಲು ಒಂದೇ ಒಂದು ಮೆಂಬರ್ ಸಹಿ ಇದ್ದಿದ್ರೆ ಆ ಕಾಗದ ಫೈಲಿಗಾದ್ರೂ ಹೋಗ್ತಿತ್ತು. ಇನ್ನೊಂದು, ಅಜೆಂಡಾದಲ್ಲಿ ಇಲ್ದೆ ಇರೋ ವಿಷಯ ಕೊನೆಗೆ ಎತ್ತಿದ್ರೆ ಜನ ಚಪ್ಪಲಿ ಹುಡುಕ್ತಿರ್ತಾರೆ, ಯಾರೂ ಮತಕ್ಕೆ ಹಾಕಲ್ಲ, ಮಿನಿಟ್ಸಲ್ಲಿ, ಅಂದ್ರೆ ಸಭೆಯ ನಡಾವಳಿ ಬರೆದಿಡೋ ಪುಸ್ತಕದಲ್ಲಿ, ಒಂದು ಸಾಲೂ ಬರಲ್ಲ. ಮಿನಿಟ್ಸಲ್ಲಿ ಬರದಿದ್ದು ನಡೆದೇ ಇಲ್ಲ.

ನಮ್ಮೂರು ಕುಂದಾಪುರದ ಕಡೆ ಮಕ್ಕಳ ಪಂಚಾಯತ್ ನಡೆಸಿದ ಹಳ್ಳಿಗಳಿವೆ, ಕರ್ನಾಟಕದಲ್ಲಿ ಪಂಚಾಯ್ತಿಯವ್ರು ಮಕ್ಕಳ ಗ್ರಾಮಸಭೆ ಕರೀಬೇಕು. ಇಲ್ಲಿ ಬಿಲ್ಡಿಂಗಲ್ಲಿ ಅಂಥದ್ದೇನಿಲ್ಲ, ಹಾಗಾಗಿ ದೊಡ್ಡವ್ರ ಕಾಗದಪತ್ರದ ಒಳಗಿಂದಾನೇ ನುಗ್ಬೇಕು.

ಮುಂದಿನ ವರ್ಷ ನಾನು ಅಸೋಸಿಯೇಟ್ ಮೆಂಬರ್, ಅಂದ್ರೆ ಅಪ್ಪನ ಜೊತೆ ಸಹ ಸದಸ್ಯ ಆದೆ. ಮಹಾರಾಷ್ಟ್ರದ ಕಾನೂನಲ್ಲಿ ಮೆಂಬರಿನ ಮಗ, ಮಗಳು ಆಗ್ಬಹುದು, ಮೆಂಬರ್ ಬರೆದು ಒಪ್ಪಿಗೆ ಕೊಡ್ಬೇಕು, ಫೀಸ್ ನೂರು ರೂಪಾಯಿ. ಅಪ್ಪ ಮುಂಬೈನ ಫೋರ್ಟ್ ಏರಿಯಾದಲ್ಲಿ ಕ್ಯಾಂಟೀನ್ ಡ್ಯೂಟಿ ಮುಗ್ಸಿ ಬಂದು, ಏನು ಅಂತ ಕೇಳ್ದೆ ಸಹಿ ಹಾಕಿದ್ರು. ಎಜಿಎಂ ಸೆಪ್ಟೆಂಬರ್ 30ರೊಳಗೆ ಆಗ್ಬೇಕು, ನೋಟಿಸ್ 14 ದಿನ ಮುಂಚೆ ಬರುತ್ತೆ, ಹಾಗಾಗಿ ಮಕ್ಕಳ ಆಟದ ವಿಷಯ ಅಜೆಂಡಾಕ್ಕೆ ಸೇರಿಸಿ ಅಂತ ಜುಲೈಲೇ ಪತ್ರ ಕೊಟ್ಟೆ, ಕಾಪಿ ಮೇಲೆ "ರಿಸೀವ್ಡ್" ಅಂತ ಸಹಿ ತಗೊಂಡೆ (ಇದನ್ನ ಮರೀಬೇಡಿ, ತಗೊಂಡೇ ಎದ್ದು ಬನ್ನಿ). ಈ ಸಲ 9 ಜನ ಮೆಂಬರ್ ಸಹಿ, ಹೆಚ್ಚಿನವ್ರು ಅಮ್ಮಂದಿರು, ಮಕ್ಕಳು ಮನೇಲಿ ಮೊಬೈಲ್ ಹಿಡ್ಕೊಂಡು ಕೂತಿದ್ದು ನೋಡಿ ಅವ್ರಿಗೂ ಸಾಕಾಗಿತ್ತು. 38 ಹೆಜ್ಜೇನೂ ಪತ್ರದಲ್ಲಿ ಬರೆದೆ. ಅಜೆಂಡಾದಲ್ಲಿ 7ನೇ ವಿಷಯ. ಅಪ್ಪ ಬರ್ಲಿಲ್ಲ, ಅವ್ರ ಬದ್ಲು ನಾನು ಕೈ ಎತ್ತಿದೆ. ಸಂಜೆ 5ರಿಂದ 7 ಆಟ ಅಂತ ಪಾಸಾಯ್ತು. ಸೆಕ್ರೆಟರಿಗೆ ನನ್ನ ಮೇಲೆ ಗೌರವ ಬಂತಾ? ಇಲ್ಲ, ಇವತ್ತಿಗೂ ಮಗಾ ಅಂತಾನೇ ಕರೀತಾರೆ. ಕರೀಲಿ ಬಿಡಿ.

ಅದಕ್ಕೇ ಹೇಳ್ತಿರೋದು, ಅವ್ರು ನಿಮ್ಗೆ ಬೆಲೆ ಕೊಡ್ಲಿ ಅಂತ ಕಾಯೋದೇ ತಪ್ಪು ಲೆಕ್ಕ. ಇನ್ಸ್ಟಾಗ್ರಾಂ ಪೇಜಿಗೆ ನಿಮ್ಮ ಫ್ರೆಂಡ್ಸ್ ಲೈಕ್ ಒತ್ತಾರೆ, ಅವ್ರಲ್ಲಿ ಎಷ್ಟು ಜನ ನಿಮ್ಮ ಸೊಸೈಟಿ ಮೆಂಬರ್? ಇವತ್ತೇ ಮನೇಲಿ ಶೇರ್ ಸರ್ಟಿಫಿಕೇಟ್ ತೆಗೆಸಿ ಯಾರ ಹೆಸರಿದೆ ನೋಡಿ.

ಅಂದಹಾಗೆ ಆವತ್ತು ಮೀಟಿಂಗಲ್ಲಿ ಕಾರಿನವ್ರು "ಸಾಫ್ಟ್ ಬಾಲ್ ಆದ್ರೆ ಮಾತ್ರ" ಅಂದ್ರು, ಸಿಕ್ಕಿದ್ದೇ ಸಾಕು ಅಂತ ನಾನು ಅಲ್ಲೇ ಒಪ್ಕೊಂಡ್ಬಿಟ್ಟೆ, ಕೆಳಗೆ ಕಾಯ್ತಿದ್ದ ಹುಡುಗರನ್ನ ಒಂದು ಮಾತು ಕೇಳ್ಲಿಲ್ಲ. ಆ 38 ಹೆಜ್ಜೆ ಪೋರ ಲಿಫ್ಟಲ್ಲಿ ಸಿಕ್ಕಾಗೆಲ್ಲ "ಅದೂ ಒಂದು ಕ್ರಿಕೆಟ್ಟಾ ಅಣ್ಣ" ಅಂತ ಇನ್ನೂ ಉಗೀತಾನೆ.