ಸ್ಟಿಂಗ್‌ರೇ ಮರಿಗೆ ತೋಟದ ಎರೆಹುಳ ಹಾಕುವ ಮೊದಲು

ಸಾಗರ ಊರಿನ ಗೆಳೆಯರ ಪ್ರಶ್ನೆ ಓದಿದೆ. ಬೆಂಗಳೂರಿನಿಂದ 5 ಇಂಚಿನ ಮೋಟೋರೋ (ಸಿಹಿನೀರಿನ ಸ್ಟಿಂಗ್‌ರೇ, ಅಂದರೆ ತೊರಕೆ ಮೀನು) ಮರಿ ತಂದು ನಾಲ್ಕು ದಿನ ಆಗಿದೆ, ಪೆಲೆಟ್ (ಅಂಗಡಿಯ ಒಣ ಗುಳಿಗೆ ಆಹಾರ) ಮೂಸಿಯೂ ನೋಡುತ್ತಿಲ್ಲ, ಅಡಿಕೆ ತೋಟದ ಎರೆಹುಳ ಹಾಕಬಹುದಾ, 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕ್ ಸಾಕಾ, ಇದು ಗಟ್ಟಿ ಮೀನಾ ಅಂತ ಕೇಳಿದ್ದೀರಿ.

ಗಟ್ಟಿ ಹೌದು, ಆದರೆ ಫಿಲ್ಟರ್ ಹಣ್ಣಾದ, ಅಂದರೆ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದ ಟ್ಯಾಂಕಿನಲ್ಲಿ ಮಾತ್ರ. ಊಟ ಹಿಡಿದು ಆರು ತಿಂಗಳು ದಾಟಿದ ರೇ ಸುಲಭಕ್ಕೆ ಸಾಯುವುದಿಲ್ಲ. ತೀರ್ಥಹಳ್ಳಿ ಪಕ್ಕದ ನಮ್ಮ ಮನೆಯಲ್ಲಿ ಆರು ವರ್ಷದಿಂದ ಒಂದಿದೆ. ಕರಾವಳಿಯ ನೆಂಟರು ಬಂದಾಗೆಲ್ಲ "ಸಿಹಿನೀರಲ್ಲಿ ತೊರಕೆನಾ!" ಅಂತ ಬಾಯಿ ಬಿಡುತ್ತಾರೆ. ಇದರ ಮೂಲ ದಕ್ಷಿಣ ಅಮೆರಿಕದ ಹೊಳೆಗಳು, ಸಮುದ್ರ ಅಲ್ಲ. ಆದರೆ ಇದಕ್ಕೆ ಎರಡು ವಿಷಯ ತಡೆಯುವುದೇ ಇಲ್ಲ. ಒಂದು ಅಮೋನಿಯಾ (ಮೀನಿನ ಕೊಳೆಯಿಂದ ನೀರಿನಲ್ಲಿ ಹುಟ್ಟುವ ವಿಷ), ಇನ್ನೊಂದು ತಾಮ್ರ. ಅಮೋನಿಯಾ ವಿಚಾರ ಎಲ್ಲರೂ ಹೇಳುತ್ತಾರೆ. ತಾಮ್ರದ ವಿಚಾರ ನಮ್ಮ ಕಡೆಯವರು ಜಾಸ್ತಿ ತಿಳಿದುಕೊಳ್ಳಬೇಕು.

ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ಅಂದರೆ ಏನು? 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಮೈಲುತುತ್ತ ಅಂದರೆ ತಾಮ್ರವೇ. ಮಳೆ ಹಿಡಿಯುವ ಮೊದಲು ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ. ಅಡಿಕೆ ಗೊನೆಯಿಂದ ತೊಟ್ಟಿಕ್ಕಿದ್ದೆಲ್ಲ ಮರದ ಬುಡಕ್ಕೆ ಬೀಳುತ್ತದೆ. ತಾಮ್ರ ಕೊಳೆತು ಹೋಗುವ ವಸ್ತು ಅಲ್ವಲ್ಲ, ಅಜ್ಜನ ಕಾಲದಲ್ಲಿ ಹೊಡೆದದ್ದೂ ಮಣ್ಣಿನಲ್ಲಿ ಕೂತಿರುತ್ತದೆ. ಹುಳ ತಿನ್ನುವುದು ಅದೇ ಮಣ್ಣನ್ನು.

ಈಗಿರುವುದಕ್ಕಿಂತ ಮೊದಲು ನನ್ನ ಹತ್ತಿರ ಇನ್ನೊಂದು ರೇ ಇತ್ತು. ಔಷಧಿ ಹೊಡೆದ ವಾರದಲ್ಲೇ ಅಡಿಕೆ ಬುಡ ಕೆದಕಿ ದಪ್ಪ ದಪ್ಪ ಹುಳ ತಂದು ಹಾಕಿದೆ. ಖುಷಿಯಿಂದ ತಿಂದಿತು. ಐದನೇ ದಿನ ಬೆಳಿಗ್ಗೆ ನೋಡಿದರೆ ಮೈಯಂಚು ಹಪ್ಪಳ ಕರಿದ ಹಾಗೆ ಮೇಲಕ್ಕೆ ಸುರುಟಿಕೊಂಡಿತ್ತು. ಅಂಚು ಹೀಗೆ ಸುರುಟಿದ ಮೇಲೆ ಉಳಿಯುವುದು ಅಪರೂಪ. ಮಾರನೇ ದಿನ ಹೋಯಿತು. ನೀರಿನಲ್ಲಿ ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಸೊನ್ನೆ ಇತ್ತು. ಹುಳವೇ ಕಾರಣ ಅಂತ ಪ್ರಮಾಣ ಮಾಡಿ ಹೇಳಲಾರೆ. ಆದರೆ ಅವತ್ತಿನಿಂದ ತೋಟದ ಹುಳ ನಮ್ಮ ಟ್ಯಾಂಕಿಗೆ ಬಿದ್ದಿಲ್ಲ. ಹೊಡೆಯುವ ದಿನಗಳಲ್ಲಿ ತೋಟದ ಬಾವಿ ನೀರನ್ನೂ ಮುಟ್ಟುವುದಿಲ್ಲ, ಡ್ರಮ್ಮಿನಲ್ಲಿ ಮೊದಲೇ ತುಂಬಿಸಿಡುತ್ತೇನೆ. ಅಂಗಡಿಯವರು ಬಿಳಿಚುಕ್ಕೆ ರೋಗಕ್ಕೆ ಕೊಡುವ ಕೆಲವು ಔಷಧಿಗಳಲ್ಲೂ ತಾಮ್ರ ಇರುತ್ತದೆ, ಸೀಸೆ ಮೇಲೆ ಬರೆದದ್ದನ್ನು ಓದಿ.

ಹಾಗಾದರೆ ಹುಳ ಎಲ್ಲಿಂದ? ಹಿತ್ತಲಿನ ಬಾಳೆ ಬುಡ ಒಳ್ಳೆಯದು, ಅಲ್ಲಿಗೆ ಯಾವ ಔಷಧಿಯೂ ಬಿದ್ದಿರಬಾರದು ಅಷ್ಟೆ. ಸಗಣಿ ರಾಶಿಯ ಸಣ್ಣ ಕೆಂಪು ಹುಳ ಬೇಡ. ಅದು ಹಳದಿ ನೀರು ಬಿಟ್ಟು ನಾರುತ್ತದೆ, ಎಷ್ಟೋ ಮೀನು ಬಾಯಿಗೆ ಹಾಕಿ ಉಗಿಯುತ್ತವೆ. ತಂದ ಹುಳವನ್ನು ಒದ್ದೆ ಗೋಣಿಯಲ್ಲಿ ಒಂದು ರಾತ್ರಿ ಬಿಡಿ, ಹೊಟ್ಟೆಯ ಮಣ್ಣು ಖಾಲಿಯಾಗಲಿ. ತೊಳೆದು ಅರ್ಧ ಇಂಚಿನ ತುಂಡು ಮಾಡಿ, ಲೈಟ್ ಆರಿಸಿ, ಮರಿಯ ಮೂತಿ ಮುಂದೆಯೇ ಬಿಡಿ. ಇದರ ಕಣ್ಣು ಮೇಲೆ, ಬಾಯಿ ಕೆಳಗೆ. ತುತ್ತನ್ನು ಕಣ್ಣಿನಿಂದ ಅಲ್ಲ, ವಾಸನೆಯಿಂದ ಹುಡುಕಿ ಮೇಲೆ ಹತ್ತಿ ಕೂರುತ್ತದೆ. ಜೊತೆಗೆ ಆಸ್ಕರ್ ಮೀನು ಇದ್ದರೆ ಅಷ್ಟರಲ್ಲಿ ತಟ್ಟೆ ಖಾಲಿ.

ಹುಳ ಹಿಡಿದ ಮೇಲೆ ಸೀಗಡಿ. ಮೀನು ಮಾರ್ಕೆಟ್ಟಿನಲ್ಲಿ ಉಪ್ಪು ಹಾಕದ್ದು ಕೇಳಿ, ಸಿಪ್ಪೆ ಬಿಡಿಸಿ ಕೊಡಿ. ಬಂಗುಡೆ, ಬೂತಾಯಿ ಬೇಡ, ಎಣ್ಣೆ ತೇಲಿ ನೀರು ಕೆಡುತ್ತದೆ. ಪೆಲೆಟ್ ಆಮೇಲೆ. ಸೀಗಡಿ ತುಂಡಿನೊಳಗೆ ಒಂದೊಂದೇ ಪೆಲೆಟ್ ಒತ್ತಿ ಕೊಡುತ್ತಾ ಹೋದರೆ ತಿಂಗಳೊಳಗೆ ರೂಢಿಯಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪ. ಅರೋವಾನಾ ಮೀನಿಗೆ ಮಾಡಿಸುವ ಹಾಗೆ ಮರಿಗೆ ಉಪವಾಸ ಮಾಡಿಸಬೇಡಿ, ಬೇಗ ಸೊರಗುತ್ತದೆ. ಬಾಲ ಶುರುವಾಗುವ ಜಾಗದ ಎರಡೂ ಕಡೆ ಮೂಳೆಯ ಹಾಗೆ ಉಬ್ಬು ಎದ್ದು ಕಂಡರೆ ಹೊಟ್ಟೆಗೆ ಸಾಲುತ್ತಿಲ್ಲ ಅಂತ ಅರ್ಥ.

ನಮ್ಮ ಮಳೆಗಾಲಕ್ಕೆ ಹೀಟರ್ ಬೇಕೇ ಬೇಕು, 26-28 ಡಿಗ್ರಿ ಇರಲಿ. ಹೀಟರಿಗೆ ಜಾಲರಿ ಹಾಕಿ, ಇಲ್ಲದಿದ್ದರೆ ಅದರ ಮೇಲೇ ಮಲಗಿ ಸುಟ್ಟುಕೊಳ್ಳುತ್ತದೆ. ಕರೆಂಟ್ ಹೋದರೆ ಇನ್ವರ್ಟರಿಗೆ ಹೀಟರ್ ಕೊಡಬೇಡಿ, ಏರ್ ಪಂಪ್ ಕೊಡಿ. ಟ್ಯಾಂಕಿಗೆ ಕಂಬಳಿ ಹೊದಿಸಿದರೆ ಒಂದು ರಾತ್ರಿ ಬಿಸಿ ನಿಲ್ಲುತ್ತದೆ.

4 ಅಡಿ ಟ್ಯಾಂಕ್ ಕೆಲವು ತಿಂಗಳಿಗೆ ಮಾತ್ರ. ಮೋಟೋರೋ ಒಂದೂವರೆ ಅಡಿ ಅಗಲ ಆರಾಮಾಗಿ ದಾಟುತ್ತದೆ, ನಿಮ್ಮ ಟ್ಯಾಂಕಿನ ಅಗಲವೇ ಒಂದೂವರೆ ಅಡಿ. ತಿರುಗುವುದೆಲ್ಲಿ? 8 ಅಡಿ ಉದ್ದ, 3 ಅಡಿ ಅಗಲಕ್ಕೆ ಜಾಗ ಇಲ್ಲದಿದ್ದರೆ ಈಗಲೇ ವಾಪಸ್ ಕೊಡಿ. ದೊಡ್ಡದಾದ ಮೇಲೆ ಶರಾವತಿಗೆ ಬಿಡುವ ಯೋಚನೆ ಮಾತ್ರ ಬೇಡ. ಸಿಂಗಾಪುರದ ಜಲಾಶಯಗಳಲ್ಲಿ ಯಾರೋ ಬಿಟ್ಟ ಮೋಟೋರೋಗಳು ಮರಿ ಹಾಕಿ ನೆಲೆಸಿಬಿಟ್ಟಿವೆ.

ಬಾಲದ ಮುಳ್ಳು ಮರಿಗೂ ಇದೆ. ಬಲೆ ಬೇಡ, ಪ್ಲಾಸ್ಟಿಕ್ ಟಬ್ಬಿನಲ್ಲೇ ಎತ್ತಿ. ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ ಕೈ ಇಟ್ಟುಕೊಂಡೇ ಆಸ್ಪತ್ರೆಗೆ ಹೊರಡಿ.

ಇವತ್ತು ಹುಳ ತಂದು ಗೋಣಿಯಲ್ಲಿಡಿ, ನಾಳೆ ರಾತ್ರಿ ಹಾಕಿ ನೋಡಿ. ನಾಳೆ ಮೇಲಿನಿಂದ ಒಂದು ಫೋಟೋ ಹಾಕಿ, ಬಾಲದ ಬುಡ ಸರಿಯಾಗಿ ಕಾಣಬೇಕು. ನೀರಿನ ಅಮೋನಿಯಾ ಎಷ್ಟು ಅಂತಲೂ ಬರೆಯಿರಿ.