ಕೂಸಿನ ತೊಡಿಗೆ ಕೀವಾತು, ಪರಿಹಾರ ಯಾರನ್ನ ಕೇಳೋದು?

ಪ್ರಶ್ನೆ: ವಕೀಲ್ ಅಕ್ಕಾರ, ನಮ್ಮದು ಗದಗ ಜಿಲ್ಲಾ ಶಿರಹಟ್ಟಿ ತಾಲೂಕಿನ ಒಂದು ಹಳ್ಳಿ. ಕೂಸಿಗೆ ಹತ್ತು ವಾರದ ಪೆಂಟಾ (ಐದು ರೋಗಕ್ಕ ಒಂದ ಲಸಿಕಿ) ಸೂಜಿ ಅಂಗನವಾಡ್ಯಾಗ ಹಾಕ್ಸಿದ್ವಿ, ಎಂಟು ದಿನಕ್ಕ ಎಡಗಡೆ ತೊಡಿ ಬಾತು ಕೀವು ತುಂಬಿತು, ಹುಬ್ಬಳ್ಳಿಗೆ ಒಯ್ದು ಪ್ರೈವೇಟ್ ದವಾಖಾನ್ಯಾಗ ಕೊಯ್ಸಿ ತಗಿಸಿದ್ವಿ, 38 ಸಾವಿರ ಖರ್ಚಾತು. ಈಗ ಆರಾಮ ಐತಿ. ಅಮೆರಿಕಾದಾಗ ಇದಕ್ಕ ಕೋಟಿಗಟ್ಟಲೆ ಕೊಡ್ತಾರ, ಕಂಪನಿ ಮ್ಯಾಲೆ ಕೇಸ್ ಹಾಕ್ರಿ ಅಂತಾನ ಮೈದುನ. ಅತ್ತಿ ಮುಂದಿನ ಡೋಸೇ ಬ್ಯಾಡ ಅಂತಾರ. ಏನ್ ಮಾಡ್ಲಿ?

ಉತ್ತರ: ಕೂಸು ಆರಾಮ ಆತಲ್ಲ ತಂಗಿ, ಅಷ್ಟು ಸಾಕು ಮೊದ್ಲ. ಮೈದುನ ಹೇಳಿದ್ದು ಅರ್ಧ ಖರೆ. ಅಮೆರಿಕಾದಾಗ 1986ರಾಗ ಇದಕ್ಕಂತನ ಕಾಯ್ದೆ ಮಾಡಿ, ಲಸಿಕಿ ಮ್ಯಾಲೆ ತೆರಿಗಿ ಹಾಕಿ ಒಂದು ನಿಧಿ ಇಟ್ಟಾರ, ಅರ್ಜಿ ಮೊದ್ಲು ಅಲ್ಲೇ ಹಾಕ್ಬೇಕು, ನೋವಿಗಂತ ಕೊಡೋದಕ್ಕ ಎರಡೂವರೆ ಲಕ್ಷ ಡಾಲರ್ ಮಿತಿ ಐತಿ. ಬ್ರಿಟನ್ನಿನ 1979ರ ಕಾಯ್ದೆ ಹಿಡಿದ್ರ ಶೇ 60ರಷ್ಟು ಅಂಗವೈಕಲ್ಯ ಆಗಿರ್ಬೇಕು, ನಿಮ್ಮ ಅರ್ಜಿ ಅಲ್ಲಿ ಬಾಗಲದಾಗೂ ನಿಲ್ಲಂಗಿಲ್ಲ. ನಮ್ಮ ಪಾರ್ಲಿಮೆಂಟ್ ಅಂಥಾ ಕಾಯ್ದೆ ಮಾಡಿಲ್ಲ, ತಪ್ಪು ಯಾರದು ಅಂತ ನಾವ ತೋರಿಸ್ಬೇಕು.

ಅದಕ್ಕ ಕಂಪನೀನ ಸದ್ಯ ಬಿಡ್ರಿ, ಕೀವು ಹೆಂಗಾತು ಅನ್ನೋದನ್ನ ಹಿಡೀರಿ. ದವಾಖಾನ್ಯಾಗ ಕೀವು ಕಲ್ಚರ್‌ಗೆ, ಅಂದ್ರ ಬ್ಯಾಕ್ಟೀರಿಯಾ ಐತೇನು ಅಂತ ನೋಡೋ ಪರೀಕ್ಷೆಗೆ, ಕಳಿಸಿದ್ರ ಆ ರಿಪೋರ್ಟ್ ಕೇಳ್ರಿ, ಬರದು ಕೇಳಿದ್ರ 72 ತಾಸಿನ್ಯಾಗ ದಾಖಲೆ ಕೊಡ್ಬೇಕಂತ ನಿಯಮ ಐತಿ. ಕೀವಿನ್ಯಾಗ ಬ್ಯಾಕ್ಟೀರಿಯಾ ಸಿಕ್ಕಿದ್ರ ಸೂಜಿ ಹಾಕೋವಾಗ ಇಲ್ಲಾ ಬಾಟ್ಲಿ ಇಡೋದ್ರಾಗ ಸ್ವಚ್ಛತಾ ತಪ್ಪಿರ್ಬಹುದು, ಏನೂ ಸಿಗದಿದ್ರ ಅದು ಲಸಿಕಿಗೇ ಆಗಿರೋ ಬಾವೂ ಇರ್ಬಹುದು, ಆಗ ಕೇಸ್ ಕಷ್ಟ. ಇನ್ನೊಂದು, ಪೆಂಟಾ ಬಾಟ್ಲಿ ಹತ್ತು ಡೋಸಿಂದು, ಅವತ್ತ ಸೂಜಿ ಹಾಕ್ಸಿದ ಬ್ಯಾರೆ ಕೂಸುಗಳಿಗೂ ಹಿಂಗಾಗೇತೇನು ಅಂತ ಆಶಾ ಕಾರ್ಯಕರ್ತೇನ್ನ ಕೇಳ್ರಿ, ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ.

ತಾಯಿ ಕಾರ್ಡಿನ ಝೆರಾಕ್ಸ್ ಹಚ್ಚಿ ಪಿಎಚ್‌ಸಿ ಡಾಕ್ಟರಿಗೂ ಗದಗಿನ ಜಿಲ್ಲಾ ಆರ್‌ಸಿಎಚ್ (ತಾಯಿ-ಮಕ್ಕಳ ಆರೋಗ್ಯ) ಅಧಿಕಾರಿಗೂ ದೂರು ಕೊಡ್ರಿ, ಸ್ವೀಕೃತಿ ಸಹಿ ಬಿಡಬ್ಯಾಡ್ರಿ. ಲಸಿಕಿ ಆದಮ್ಯಾಲೆ ಕೂಸು ದವಾಖಾನಿ ಸೇರಿದ್ರ ತನಿಖಾ ಮಾಡೋದು ಅವರ ಕೆಲಸ. ವರದಿ ಕೊಡ್ದಿದ್ರ ಆರ್‌ಟಿಐ ಹಾಕ್ರಿ.

ಗ್ರಾಹಕ ಕೋರ್ಟ್ ಅಂತೂ ಆಗಂಗಿಲ್ಲ, ಎಲ್ಲಾರಿಗೂ ಪುಕ್ಕಟ ಸಿಗೋ ಸೇವೆ ಅದರಾಗ ಬರಂಗಿಲ್ಲಂತ 1995ರಾಗೇ ಸುಪ್ರೀಂ ಕೋರ್ಟ್ ಹೇಳೇತಿ. ಸಿವಿಲ್ ದಾವಾ ಹಾಕೋದಾದ್ರ ಸರ್ಕಾರಕ್ಕ ಎರಡು ತಿಂಗಳ ನೋಟಿಸ್ ಮೊದ್ಲು. ಸಿಸ್ಟರ್ ಒಬ್ಬಾಕೀನ್ನ ಕಟಕಟೆಗೆ ನಿಲ್ಲಿಸೋದು ಬ್ಯಾಡ, ನೌಕರರ ನಿರ್ಲಕ್ಷ್ಯಕ್ಕ ಸರ್ಕಾರನೇ ಹೊಣೆ. ಹೆಣ್ಮಕ್ಕಳಿಗೆ, ಮಕ್ಕಳಿಗೆ ಆದಾಯ ನೋಡದ ಉಚಿತ ವಕೀಲರು ಸಿಗ್ತಾರ, ಗದಗ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ. ಆದ್ರ 38 ಸಾವಿರಕ್ಕ ವರ್ಷಾನುಗಟ್ಟಲೆ ಕೋರ್ಟ್ ತಿರುಗೋದಾ? ನಾನಾದ್ರ ನೋಟಿಸಿನ್ಯಾಗ ಬಿಲ್ ಹಚ್ಚಿ ಖರ್ಚಷ್ಟ ಕೇಳ್ತಿದ್ದೆ.

ಅತ್ತಿಯವರಿಗೆ ಹೇಳ್ರಿ, ಬಾವು ಬಂತಂತ ಡೋಸ್ ಬಿಡೋದಲ್ಲ, ನಾಯಿಕೆಮ್ಮು ಗಂಟಲಮಾರಿ ಕಾಯ್ಕೊಂಡು ಕುಂತಾವು. ಹದಿನಾಲ್ಕು ವಾರದ್ದನ್ನ ಡಾಕ್ಟರಿಗೆ ಕೊಯ್ದ ಜಾಗ ತೋರಿಸಿ ಹಾಕಿಸ್ರಿ.