ಸೊರಗು ರೋಗ: ಜೀವಾಣು, ಸುಣ್ಣ, ಸಿಲಿಕಾನ್

ಪ್ರಶ್ನೆ: ಹೂ ಬಿಡುವ ಹೊತ್ತಿಗೆ ಟೊಮೆಟೊ ಗಿಡಗಳು ಸೊರಗಿ ಸಾಯುತ್ತಿವೆ. ಸುಡೋಮೋನಾಸ್ ಎಂಬ ಉಪಕಾರಿ ಜೀವಾಣುವಿನ ಪುಡಿ ಕದಡಿ ಎರಡು ಸಲ ಬುಡಕ್ಕೆ ಸುರಿದರೂ ನಿಂತಿಲ್ಲ. ಜೊತೆಗೆ ಸುಣ್ಣ, ಸಿಲಿಕಾನ್ ಕೊಡಬಹುದೇ?

ಉತ್ತರ: ಕೊಡಬಹುದು. ಆದರೆ ಸೊರಗಿದ ಗಿಡ ಇದರಿಂದ ಬದುಕುವುದಿಲ್ಲ. ಅದನ್ನು ಬೇರುಸಹಿತ ಕಿತ್ತು ಹೊಲದಿಂದ ಆಚೆ ಸುಡಿ.

ಮೊದಲು ರೋಗ ಯಾವುದೆಂದು ನೋಡಿ. ಬುಡದ ಕಾಂಡವನ್ನು ಕತ್ತರಿಸಿ, ತುದಿಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಎಳೆ ಇಳಿದರೆ ಅದು ರಾಲ್‌ಸ್ಟೋನಿಯಾ ದುಂಡಾಣುವಿನ ಸೊರಗು. ಎಳೆ ಬರದೆ, ಕೆಳ ಎಲೆಗಳು ಮೊದಲು ಹಳದಿಯಾಗಿ, ಕಾಂಡದ ಒಳನಾಳ ಕಂದಾಗಿದ್ದರೆ ಹೆಚ್ಚಾಗಿ ಫ್ಯುಸೇರಿಯಂ ಶಿಲೀಂಧ್ರ.

ನೀವು ಸುರಿದದ್ದು ತಡವಾಗಿದೆ. ರೋಗಾಣು ಬೇರಿನೊಳಗೆ ಹೊಕ್ಕ ಮೇಲೆ ಸುಡೋಮೋನಾಸ್ ಮಾಡಬಲ್ಲದ್ದು ಅತ್ಯಲ್ಪ. ಅದು ಬೇರಿನ ಮೇಲೆ ಮೊದಲೇ ನೆಲೆಯೂರಬೇಕು. ಮುಂದಿನ ಬೆಳೆಗೆ ಕಿಲೋ ಬೀಜಕ್ಕೆ 10 ಗ್ರಾಂ ಪುಡಿ ಲೇಪಿಸಿ. ನಾಟಿಗೆ ಮುನ್ನ ಲೀಟರ್ ನೀರಿಗೆ 10 ಗ್ರಾಂ ಕದಡಿ, ಸಸಿಯ ಬೇರನ್ನು 20–30 ನಿಮಿಷ ಅದ್ದಿ. ಎಕರೆಗೆ 1 ಕಿಲೋ ಪುಡಿಯನ್ನು ಚೆನ್ನಾಗಿ ಕಳಿತ 20–25 ಕಿಲೋ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ತೇವವಿರುವ ಮಣ್ಣಿಗೆ ಸಂಜೆ ಹಾಕಿ. ಒಣಮಣ್ಣಿಗೆ ಹಾಕಿದರೆ ಜೀವಾಣು ಸಾಯುತ್ತದೆ, ಪುಡಿಯಷ್ಟೇ ಉಳಿಯುತ್ತದೆ.

ಸುಣ್ಣ ಹುಳಿಮಣ್ಣಿಗೆ ಮಾತ್ರ. ಮಣ್ಣು ಪರೀಕ್ಷೆ ಮಾಡಿಸಿ, ನಾಟಿಗೆ ಮೂರ್ನಾಲ್ಕು ವಾರ ಮೊದಲು ಸೇರಿಸಿ ರಸಸಾರವನ್ನು (pH) 6.5–7ಕ್ಕೆ ತಂದರೆ ಫ್ಯುಸೇರಿಯಂ ತಗ್ಗುತ್ತದೆ. ಅಮೋನಿಯಂ ಗೊಬ್ಬರವನ್ನೇ ಸುರಿಯುತ್ತಿದ್ದರೆ ಈ ಲಾಭ ಕೈತಪ್ಪುತ್ತದೆ. ಸಾರಜನಕದ ಬಹುಪಾಲು ನೈಟ್ರೇಟ್ ರೂಪದಲ್ಲಿರಲಿ. ಟೊಮೆಟೊ ಸಿಲಿಕಾನನ್ನು ಹೀರುವುದೇ ಕಡಿಮೆ, ಹೀರಿದ್ದರಲ್ಲಿ ಹೆಚ್ಚಿನದು ಬೇರಿನಲ್ಲೇ ಉಳಿಯುತ್ತದೆ. ಆದ್ದರಿಂದ ಎಲೆಗೆ ಸಿಂಪಡಿಸುವ ಬದಲು ಮಣ್ಣಿಗೇ ಕೊಡಿ. ಸಿಲಿಕಾನ್ ಕೊಡಲು ಬಳಸುವ ಪೊಟ್ಯಾಸಿಯಂ ಸಿಲಿಕೇಟ್ ಬಲವಾದ ಕ್ಷಾರ: ಅದೇ ಡ್ರಮ್ಮಿಗೆ ಜೀವಾಣು ಹಾಕಬೇಡಿ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಬೆರೆಸಿದರೆ ಗಸಿಗಟ್ಟಿ ಹನಿ ನೀರಾವರಿ ಕೊಳವೆ ಕಟ್ಟಿಕೊಳ್ಳುತ್ತದೆ.

ಬೇರಿನಲ್ಲಿ ಗಂಟು ಕಂಡರೆ ಜಂತುಹುಳುವಿನ ಹತೋಟಿಯೇ ಮೊದಲು. ಅದು ಮಾಡಿದ ಗಾಯದಿಂದ ರೋಗಾಣು ಸುಲಭವಾಗಿ ಒಳಹೋಗುತ್ತದೆ.

ಪ್ರಶ್ನೆ: ತಾಮ್ರದ ಔಷಧ ಮತ್ತು ಜೀವಾಣು ಪುಡಿಯನ್ನು ಒಟ್ಟಿಗೆ ಸುರಿಯಬಹುದೇ?

ಉತ್ತರ: ಬೇಡ. ತಾಮ್ರ, ಬ್ಲೀಚಿಂಗ್ ಪುಡಿ, ಸ್ಟ್ರೆಪ್ಟೊಮೈಸಿನ್ ಮೂರೂ ಒಳ್ಳೆಯ ಜೀವಾಣುವನ್ನೂ ಕೊಲ್ಲುತ್ತವೆ. ಕೊಳ್ಳುವಾಗ ಪೊಟ್ಟಣದ ಮೇಲಿನ ಅವಧಿಯನ್ನೂ ನೋಡಿ. ಸುಡೋಮೋನಾಸ್ ಪುಡಿ ಕೆಲವೇ ತಿಂಗಳಲ್ಲಿ ಕಸುವು ಕಳೆದುಕೊಳ್ಳುತ್ತದೆ. ಬ್ಯಾಸಿಲಸ್ ಎಂಬ ಇನ್ನೊಂದು ಉಪಕಾರಿ ಜೀವಾಣು ಬೀಜಾಣು ಕಟ್ಟಿಕೊಳ್ಳುವುದರಿಂದ ಹೆಚ್ಚು ಕಾಲ ತಾಳುತ್ತದೆ.